ನಗುವ ಫೋಟೊ ಒಂದಿರಲಿ

ಹೋದ ತಿಂಗಳು ಅಜ್ಜಿ ತೀರಿಕೊಂಡರು. 86 ವರ್ಷ. ನರಳಲಿಲ್ಲ, ಯಾರಿಗೂ ಕಷ್ಟ ಕೊಡಲಿಲ್ಲ. ರಾತ್ರಿ ಮಜ್ಜಿಗೆ ಅನ್ನ ಉಂಡು ಮಲಗಿದವರು ಬೆಳಿಗ್ಗೆ ಏಳಲಿಲ್ಲ, ಅಷ್ಟೇ.

ಊರಿಗೆ ಹೋಗಿ ನಾಲ್ಕೈದು ದಿನ ಆಗಿತ್ತು. ಅಮ್ಮ ಬಂದು, "ಪುಟ್ಟಿ, ವೈಕುಂಠದ ದಿನ ಹಾರ ಹಾಕಿ ಇಡೋಕೆ ಅಜ್ಜಿದೊಂದು ಒಳ್ಳೆ ಫೋಟೊ ಹುಡುಕೇ. ನಿನ್ನ ಮೊಬೈಲಲ್ಲಿ ಬೇಕಾದಷ್ಟು ಇರ್ಬೇಕಲ್ಲ" ಅಂದಳು.

ಬೇಕಾದಷ್ಟು ಇತ್ತು. ಆದರೆ ಒಂದೂ ಸರಿ ಇರಲಿಲ್ಲ. ಒಂದರಲ್ಲಿ ಅಜ್ಜಿಯ ಅರ್ಧ ಮುಖ ಕೇಕಿನ ಹಿಂದೆ. ಇನ್ನೊಂದರಲ್ಲಿ ನನ್ನ ತಮ್ಮ ಫಿಲ್ಟರ್ ಹಾಕಿ ಅಜ್ಜಿಗೆ ನಾಯಿ ಕಿವಿ ಅಂಟಿಸಿದ್ದ. ಸೆಲ್ಫಿಗಳಲ್ಲಿ ನನ್ನ ಮೂಗೇ ಅರ್ಧ ಸ್ಕ್ರೀನು, ಅಜ್ಜಿ ಮೂಲೆಯಲ್ಲಿ ಮಸುಕು. ಆಧಾರ್ ಕಾರ್ಡಿನ ಫೋಟೊ ಅಂತೂ ಬಿಡಿ, ಅದು ಬಂದ ದಿನ ಅಜ್ಜಿಯೇ "ಇದ್ಯಾರೇ ಇವ್ಳು?" ಅಂತ ಕೇಳಿದ್ದರು.

ಕೊನೆಗೆ ಸಿಕ್ಕಿದ್ದು ಮಾವನ ಮಗಳ ಮದುವೆಯದು. ಅಜ್ಜಿ ನೇರ ಕ್ಯಾಮೆರಾ ನೋಡಿ ಬಾಯಿ ತುಂಬ ನಗ್ತಿದ್ದಾರೆ. ಮೇಲಿನ ಸಾಲಿನಲ್ಲಿ ಒಂದು ಹಲ್ಲಿಲ್ಲ, ಆ ಸಂದು ಚೆನ್ನಾಗಿ ಕಾಣಿಸ್ತಿದೆ. ಕಿವಿಯಲ್ಲಿ ಏಳು ಕಲ್ಲಿನ ಓಲೆ. ಚಿಕ್ಕಮ್ಮ "ಹಲ್ಲು ಕಾಣತ್ತೆ, ಗಂಭೀರವಾಗಿರೋದು ಹಾಕೋಣ" ಅಂದಳು. ಸ್ಟುಡಿಯೊದವನು "ಮೇಡಂ, ಬೇಕಾದ್ರೆ ಹಲ್ಲು ಕೂರಿಸಿ ಕೊಡ್ತೀನಿ, ಗೊತ್ತೇ ಆಗಲ್ಲ" ಅಂದ. ಅಮ್ಮ ಮಾತ್ರ ಫೋಟೊ ಕೈಯಲ್ಲಿ ಹಿಡಿದು, "ಏನೂ ಮುಟ್ಟಬೇಡಿ. ಇದೇ ನಮ್ಮಮ್ಮ" ಅಂದಳು.

"ಇದೇ ನಮ್ಮಮ್ಮ." ಎಷ್ಟು ಸುಲಭದ ಮಾತು, ಅಲ್ವಾ? ಗೊತ್ತಿರುವ ಮುಖ, ಗೊತ್ತಿರುವ ನಗು. ಅವತ್ತು ರಾತ್ರಿ ನಿದ್ದೆ ಬಾರದೆ ಬಿದ್ದುಕೊಂಡಿದ್ದಾಗ ನನಗೆ ಬೇರೊಂದು ಫೋಟೊ ನೆನಪಾಯಿತು. ಕಾಲೇಜಿನ ದಿನಗಳಲ್ಲಿ ಒಂದು ಪುಸ್ತಕದಲ್ಲಿ ನೋಡಿದ್ದು. ತಲೆ ಮೇಲೆ ಕಿರೀಟದಂಥ ಆಭರಣ ಇಟ್ಟುಕೊಂಡ ಒಬ್ಬ ಹೆಂಗಸು. ಅವಳ ಮುಖದ ಮೇಲೆ, ಅದೇ ಕೋನದಲ್ಲಿ, ಅದೇ ಅಳತೆಯಲ್ಲಿ, ಒಂದು ತಲೆಬುರುಡೆ.

ಓಟಿಟಿ ಕ್ರೈಂ ಸೀರಿಯಲ್ಲುಗಳಲ್ಲಿ ಇದನ್ನು ನಾವೆಲ್ಲ ನೋಡಿದ್ದೇವೆ. ಕಂಪ್ಯೂಟರ್ ಪರದೆಯಲ್ಲಿ ಬುರುಡೆ ಗಿರಗಿರ ತಿರುಗುತ್ತೆ, ಫೋಟೊ ಬಂದು ಕೂರುತ್ತೆ, ಹಸಿರು ಅಕ್ಷರದಲ್ಲಿ "ಮ್ಯಾಚ್" ಅಂತ ಬರುತ್ತೆ. ಅಸಲಿ ಕಥೆ ಅಷ್ಟು ಸಲೀಸಲ್ಲ. ಈ ವಿದ್ಯೆಗೆ ಜಗತ್ತಿನಲ್ಲಿ ಹೆಸರು ತಂದ ಪ್ರಕರಣ ನಡೆದದ್ದು 1935ರಲ್ಲಿ, ಬ್ರಿಟನ್ನಿನಲ್ಲಿ. ಅಪರಾಧಿ ನಮ್ಮ ಬೊಂಬಾಯಿಯಲ್ಲಿ ಹುಟ್ಟಿ, ಅಲ್ಲೇ ವೈದ್ಯ ಓದಿದ ಒಬ್ಬ ಡಾಕ್ಟರು. (ಊಟ ಮಾಡ್ತಾ ಓದ್ತಿದ್ರೆ ಊಟ ಮುಗಿಸಿ ಬನ್ನಿ.)

ಸೇತುವೆಯ ಕೆಳಗೆ

1935ರ ಸೆಪ್ಟೆಂಬರ್ 29, ಭಾನುವಾರ. ಸ್ಕಾಟ್ಲೆಂಡಿನ ಮಾಫಟ್ ಎಂಬ ಸಣ್ಣ ಊರಿನ ಹತ್ತಿರ ರಜೆಗೆ ಬಂದಿದ್ದ ಯುವತಿಯೊಬ್ಬಳು ರಸ್ತೆ ಸೇತುವೆಯ ಮೇಲೆ ನಿಂತು ಕೆಳಗಿನ ತೊರೆ ನೋಡುತ್ತಿದ್ದಳು. ಅಲ್ಲೊಂದು ಗಂಟು, ಗಂಟಿನಿಂದ ಹೊರಗೆ ಚಾಚಿದ ಮನುಷ್ಯನ ತೋಳು. ಪೊಲೀಸರು ಬಂದು ಹುಡುಕಿದಾಗ ಒಂದಾದ ಮೇಲೊಂದು ಗಂಟು. ಕೊನೆಗೆ ಲೆಕ್ಕ ಹಾಕಿದರೆ ಸುಮಾರು 70 ತುಂಡುಗಳು, ಎರಡು ತಲೆಗಳು.

ಗ್ಲಾಸ್ಗೊ ವಿಶ್ವವಿದ್ಯಾಲಯದ ನ್ಯಾಯವೈದ್ಯ ಪ್ರೊಫೆಸರ್ ಜಾನ್ ಗ್ಲೇಸ್ಟರ್, ಎಡಿನ್‌ಬರೊದ ಅಂಗರಚನಾ ಶಾಸ್ತ್ರದ ಪ್ರೊಫೆಸರ್ ಜೇಮ್ಸ್ ಕೂಪರ್ ಬ್ರ್ಯಾಶ್ ಮತ್ತು ಅವರ ಸಂಗಡಿಗರು ತುಂಡುಗಳನ್ನು ಜೋಡಿಸಲು ಕೂತರು. ಮೊದಮೊದಲು ಒಂದು ದೇಹ ಗಂಡಸಿನದು ಎಂದೇ ಎಲ್ಲರೂ ಭಾವಿಸಿದ್ದರು. ಜೋಡಿಸುತ್ತಾ ಹೋದಂತೆ ಎರಡೂ ಹೆಂಗಸರದು ಅಂತ ಸ್ಪಷ್ಟವಾಯಿತು. ಒಬ್ಬಳು ಇನ್ನೂ ಹುಡುಗಿ, ಇನ್ನೊಬ್ಬಳು ಅವಳಿಗಿಂತ ದೊಡ್ಡವಳು. ಯಾರು ಅಂತ ಮಾತ್ರ ಗೊತ್ತಿಲ್ಲ. ಮುಖದ ಚರ್ಮ, ಕಣ್ಣು, ಮೂಗು, ತುಟಿ, ಕಿವಿ ಯಾವುದನ್ನೂ ಕೊಂದವನು ನೆಟ್ಟಗೆ ಉಳಿಸಿರಲಿಲ್ಲ. ಕೆಲವು ಹಲ್ಲುಗಳನ್ನೂ ಕಿತ್ತಿದ್ದ. ಸಿಟ್ಟಿನಲ್ಲಿ ಅಡ್ಡಾದಿಡ್ಡಿ ಕತ್ತರಿಸಿದ್ದಲ್ಲ ಅದು. ದೇಹದ ರಚನೆ ಬಲ್ಲ ಕೈ ಮಾಡಿದ ಕೆಲಸ.

ಆದರೆ ಅವನು ಒಂದು ತಪ್ಪು ಮಾಡಿದ್ದ. ಗಂಟು ಕಟ್ಟಲು ಹಳೆ ಪೇಪರ್ ಬಳಸಿದ್ದ. ಅದು ಸೆಪ್ಟೆಂಬರ್ 15ರ 'ಸಂಡೇ ಗ್ರಾಫಿಕ್'. ಅದರಲ್ಲಿದ್ದದ್ದು ಮೋರ್‌ಕ್ಯಾಂಬ್ ಎಂಬ ಊರಿನ ಜಾತ್ರೆಯಲ್ಲಿ ಸುಂದರಿಯೊಬ್ಬಳಿಗೆ ಕಿರೀಟ ತೊಡಿಸಿದ ಸುದ್ದಿ. ಆ ಪುಟ ಅಚ್ಚಾಗಿದ್ದು ಇಂಗ್ಲೆಂಡಿನ ಮೋರ್‌ಕ್ಯಾಂಬ್, ಲ್ಯಾಂಕಾಸ್ಟರ್ ಸುತ್ತಮುತ್ತಲಿನ ಓದುಗರಿಗೆ ಮಾತ್ರ. ನಮ್ಮಲ್ಲಿ ಪೇಪರಿಗೆ ಜಿಲ್ಲಾ ಆವೃತ್ತಿ ಇರುತ್ತಲ್ಲ, ಹಾಗೆ.

ಲ್ಯಾಂಕಾಸ್ಟರಿನಲ್ಲಿ ಆಗ ಇಬ್ಬರು ಹೆಂಗಸರು ಕಾಣೆಯಾಗಿದ್ದರು. ಇಬ್ಬರೂ ಒಂದೇ ಮನೆಯವರು.

ಡಾಕ್ಟರ ಮನೆ

ಡಾಕ್ಟರ್ ಬಕ್ ರಕ್ಸ್‌ಟನ್. ಅಪ್ಪ ಅಮ್ಮ ಇಟ್ಟ ಹೆಸರು ಬುಖ್ತಿಯಾರ್. ಪಾರ್ಸಿ ಕುಟುಂಬದವನು. ಇಂಗ್ಲೆಂಡಿಗೆ ಹೋದ ಮೇಲೆ ಅಲ್ಲಿನವರ ಬಾಯಿಗೆ ಹೊಂದುವಂತೆ ಹೆಸರು ಬದಲಿಸಿಕೊಂಡ. ಲ್ಯಾಂಕಾಸ್ಟರಿನ ಬಡವರಿಗೆ ಅವನೆಂದರೆ ಅಚ್ಚುಮೆಚ್ಚು. ದುಡ್ಡಿಲ್ಲ ಅಂದರೆ ಫೀಸು ಕೇಳುತ್ತಿರಲಿಲ್ಲ. ಗಲ್ಲು ಶಿಕ್ಷೆ ಆದಾಗ ಕ್ಷಮೆ ಕೊಡಿ ಅಂತ ಊರಿನ ಸಾವಿರಾರು ಜನ ಸಹಿ ಹಾಕಿದ್ದರು ಅಂದರೆ ನೋಡಿ.

ಹೊರಗೆ ಹಾಗೆ. ಮನೆಯೊಳಗೆ ಅನುಮಾನದ ಮನುಷ್ಯ. ಅವನ ಜೊತೆ ಬಾಳುತ್ತಿದ್ದ ಇಸಾಬೆಲ್ಲಾ, ಊರಿಗೆಲ್ಲ ಮಿಸೆಸ್ ರಕ್ಸ್‌ಟನ್, ಮೂರು ಮಕ್ಕಳ ತಾಯಿ. ಸೆಪ್ಟೆಂಬರ್ 14ರಂದು ಬ್ಲ್ಯಾಕ್‌ಪೂಲಿಗೆ ದೀಪಾಲಂಕಾರ ನೋಡಲು ಹೋಗಿ, ಅಕ್ಕತಂಗಿಯರ ಜೊತೆ ಸಮಯ ಕಳೆದು, ತಡರಾತ್ರಿ ಕಾರು ಓಡಿಸಿಕೊಂಡು ಮನೆಗೆ ಹೊರಟಿದ್ದಳು. ಆಮೇಲೆ ಅವಳನ್ನು ಯಾರೂ ಜೀವಂತ ನೋಡಲಿಲ್ಲ.

ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲಿದ್ದವಳು ಮೇರಿ ರೋಜರ್ಸನ್. 20 ವರ್ಷ. ಅವಳೂ ಕಾಣಲಿಲ್ಲ.

ಹೆಂಡತಿ ಮನೆ ಬಿಟ್ಟು ಹೋದಳು ಅಂತ ಡಾಕ್ಟರು ಊರಿಗೆ ಹೇಳಿದ. ಮೇರಿಯ ಹೆತ್ತವರ ಮನೆಗೆ ಹೋಗಿ ಹೇಳಿದ್ದು ಬೇರೆಯೇ ಕಥೆ: ನಿಮ್ಮ ಹುಡುಗಿ ಬಸುರಿ, ಅದಕ್ಕೇ ನನ್ನ ಹೆಂಡತಿ ಅವಳನ್ನು ಎಲ್ಲಿಗೋ ಕರ್ಕೊಂಡು ಹೋಗಿದ್ದಾಳೆ. ದೊಡ್ಡ ಮನುಷ್ಯರು, ಓದಿದ ಡಾಕ್ಟರು ಹಾಗೆ ಹೇಳಿದರೆ ಬಡವರು ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಳ್ಳುತ್ತಾರೆ ಅನ್ನುವ ಲೆಕ್ಕಾಚಾರ ಇರಬೇಕು. ಅವರು ಬಾಯಿ ಮುಚ್ಚಲಿಲ್ಲ. ಪೊಲೀಸರ ಹತ್ತಿರ ಹೋದರು. ತೊರೆಯ ಗಂಟಿನಲ್ಲಿ ಸಿಕ್ಕ ಹಳೆ ರವಿಕೆಯನ್ನು ತೋರಿಸಿದಾಗ ಮೇರಿಯ ಮಲತಾಯಿ ತಕ್ಷಣ ಗುರುತು ಹಿಡಿದಳು. ಕಂಕುಳ ಹತ್ತಿರ ಹರಿದಿದ್ದಕ್ಕೆ ತೇಪೆ ಹಾಕಿ ಹೊಲಿದು ಕೊಟ್ಟವಳು ಅವಳೇ.

ಬಟ್ಟೆ ಅವಳದ್ದು ಸರಿ. ದೇಹವೂ ಅವಳದ್ದೇ ಅಂತ ಕೋರ್ಟಿಗೆ ಹೇಗೆ ತೋರಿಸೋದು? ಡಿಎನ್ಎ ಪರೀಕ್ಷೆ ಬರಲು ಇನ್ನೂ ಐವತ್ತು ವರ್ಷ ಇತ್ತು.

ಅಳತೆಗೆ ಸಿಕ್ಕ ಕಿರೀಟ

ಬ್ರ್ಯಾಶ್ ಇಬ್ಬರ ಮನೆಯವರಿಂದಲೂ ಫೋಟೊ ತರಿಸಿಕೊಂಡರು. ಒಬ್ಬೊಬ್ಬರದು ಎರಡೆರಡು.

ಯೋಚನೆ ಸರಳ. ಮುಖದ ಮಾಂಸ ಹೋದರೂ ಅದರ ಅಡಿಪಾಯ ಉಳಿದಿದೆ. ಕಣ್ಣು ಕಣ್ಣಿನ ಗೂಡಿನೊಳಗೇ ಇರಬೇಕು. ಮೂಗಿನ ಬುಡ, ಕೆನ್ನೆಮೂಳೆಯ ಅಗಲ, ಗದ್ದದ ತುದಿ, ಹಲ್ಲಿನ ಸಾಲು ಇವೆಲ್ಲ ಒಂದಕ್ಕೊಂದು ಇಂತಿಷ್ಟು ದೂರ ಅಂತ ಇರುತ್ತೆ. ಬುರುಡೆಯ ಫೋಟೊವನ್ನು ಮುಖದ ಫೋಟೊ ಮೇಲೆ ಇಟ್ಟರೆ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ ಕೂರಬೇಕು. ಹಣೆ, ಗದ್ದದ ಹತ್ತಿರ ಬುರುಡೆಯ ಗೆರೆಗೂ ಮುಖದ ಗೆರೆಗೂ ನಡುವೆ ಚರ್ಮ, ಮಾಂಸಕ್ಕೆ ಬೇಕಾದಷ್ಟು ಜಾಗ ಉಳಿಯಬೇಕು. ಬುರುಡೆ ಮುಖದಿಂದ ಹೊರಗೆ ಬಂದರೆ, ಅದು ಆ ಮನುಷ್ಯನದ್ದಲ್ಲ.

ಹೇಳಲು ಸರಳ, ಮಾಡಲು ಎರಡು ತೊಡಕು. ಒಂದು, ಕೋನ. ಫೋಟೊದಲ್ಲಿ ತಲೆ ಎಷ್ಟು ವಾಲಿದೆಯೋ, ಎಷ್ಟು ತಿರುಗಿದೆಯೋ, ಬುರುಡೆಯನ್ನೂ ಅಷ್ಟೇ ವಾಲಿಸಿ, ತಿರುಗಿಸಿ ಫೋಟೊ ತೆಗೆಯಬೇಕು. ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಅಳತೆ ಕೆಡುತ್ತೆ.

ಎರಡನೆಯದು ಗಾತ್ರ. ಅಂಗೈಯಷ್ಟಿರುವ ಫೋಟೊವನ್ನು ಎಷ್ಟು ದೊಡ್ಡದು ಮಾಡಿದರೆ ಅದು ಆ ಹೆಂಗಸಿನ ಅಸಲಿ ಮುಖದ ಅಳತೆಗೆ ಬರುತ್ತೆ? ಬುರುಡೆಗೆ ಹೊಂದುವವರೆಗೆ ಹಿಗ್ಗಿಸಿದರೆ ಅದು ಮೋಸ. ಮೊದಲೇ ಉತ್ತರ ಬರೆದಿಟ್ಟು ಲೆಕ್ಕ ಮಾಡಿದ ಹಾಗೆ.

ಇಲ್ಲಿ ಕೈ ಹಿಡಿದದ್ದು ಇಸಾಬೆಲ್ಲಾಳ ಕಿರೀಟ. ಆ ಒಂದು ಫೋಟೊದಲ್ಲಿ ಅವಳು ತಲೆಗೆ ಆಭರಣ ಇಟ್ಟುಕೊಂಡು, ಚೆಂದದ ಉಡುಪು ಹಾಕಿಕೊಂಡು, ಸ್ಟುಡಿಯೊದಲ್ಲಿ ಕೂತಿದ್ದಳು. ಆ ಆಭರಣ ಇನ್ನೂ ಇತ್ತು. ತರಿಸಿ ಅಳೆದರು. ಫೋಟೊದ ಕಿರೀಟ ನಿಜವಾದ ಕಿರೀಟದಷ್ಟು ಆಗುವವರೆಗೆ ಹಿಗ್ಗಿಸಿದರು. ಈಗ ಮುಖವೂ ನಿಜವಾದ ಮುಖದಷ್ಟಾಯಿತು. ಬುರುಡೆಯನ್ನು ಯಾರೂ ಕೇಳಲೇ ಇಲ್ಲ.

ಆಮೇಲೆ ಪಾರದರ್ಶಕ ಹಾಳೆಯ ಮೇಲೆ ಗೆರೆ ತೆಗೆದು, ಒಂದರ ಮೇಲೊಂದು ಇಟ್ಟು ನೋಡಿದರು. ಎರಡನೇ ನಂಬರಿನ ಬುರುಡೆ ಇಸಾಬೆಲ್ಲಾಳ ಮುಖದೊಳಗೆ ಕೂತಿತು. ಒಂದನೇ ನಂಬರಿನದು ಮೇರಿಯ ಮುಖದೊಳಗೆ.

ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಹೆಜ್ಜೆ ಇದರ ನಂತರದ್ದು. ಹೊಂದಿತು ಅಂತ ಅವರು ಪೆನ್ನು ಕೆಳಗಿಡಲಿಲ್ಲ. ಬುರುಡೆಗಳನ್ನು ಅದಲು ಬದಲು ಮಾಡಿ ನೋಡಿದರು. ಮೇರಿಯ ಬುರುಡೆ ಇಸಾಬೆಲ್ಲಾಳ ಫೋಟೊ ಮೇಲೆ, ಇಸಾಬೆಲ್ಲಾಳದ್ದು ಮೇರಿಯ ಫೋಟೊ ಮೇಲೆ. ಎರಡೂ ಕೂರಲಿಲ್ಲ. ನಾವು ಸರಿ ಅಂತ ತೋರಿಸಿಕೊಳ್ಳಲು ನೂರು ದಾರಿ ಹುಡುಕುತ್ತೇವೆ. ನಾವು ತಪ್ಪಿರಬಹುದಾ ಅಂತ ನೋಡಲು ಒಂದು ದಾರಿ ಹುಡುಕುವುದು ಕಷ್ಟ. ಆಫೀಸಿನಲ್ಲೂ ಅಷ್ಟೇ, ಮನೆಯಲ್ಲೂ ಅಷ್ಟೇ.

ಹೌದು ಎನ್ನುವುದಕ್ಕಿಂತ ಅಲ್ಲ ಎನ್ನುವುದು ಸುಲಭ

ಹಾಗಂತ ಫೋಟೊ ಒಂದರಿಂದಲೇ ಕೇಸು ನಿಲ್ಲಲಿಲ್ಲ. ಎರಡೂ ದೇಹಗಳ ಪಾದಗಳ ಅಚ್ಚು ತೆಗೆದು ಇಬ್ಬರ ಚಪ್ಪಲಿ, ಬೂಟಿಗೆ ಹಾಕಿ ನೋಡಿದರು, ಸರಿಯಾಗಿ ಕೂತವು. ಸಿಕ್ಕ ಕೈಬೆರಳಿನ ಗುರುತುಗಳು ಡಾಕ್ಟರ ಮನೆಯಲ್ಲಿ ಮೇರಿ ಮುಟ್ಟಿದ್ದ ಸಾಮಾನುಗಳ ಮೇಲಿನ ಗುರುತಿಗೆ ಹೊಂದಿದವು. ದೇಹದ ಮೇಲಿದ್ದ ಹುಳುಗಳ ವಯಸ್ಸು ಲೆಕ್ಕ ಹಾಕಿ, ಸಾವು ಸುಮಾರಾಗಿ ಯಾವಾಗ ಆಯಿತು ಅಂತ ಇನ್ನೊಬ್ಬ ವಿಜ್ಞಾನಿ ಹೇಳಿದರು.

ಇನ್ನೂ ಒಂದು. ಕೊಂದವನು ಏನನ್ನು ಅಳಿಸಿದ್ದನೋ ಅದೇ ಸುಳಿವಾಯಿತು. ಮೇರಿಗೆ ಸ್ವಲ್ಪ ಮೆಳ್ಳೆಗಣ್ಣು. ಅವಳ ಬುರುಡೆಯಲ್ಲಿ ಕಣ್ಣುಗಳೇ ಇರಲಿಲ್ಲ. ಅವಳ ತೋಳಿನಲ್ಲಿ ಹುಟ್ಟುಮಚ್ಚೆ ಇತ್ತು. ಆ ಜಾಗದ ಚರ್ಮ ಇರಲಿಲ್ಲ. ಇಸಾಬೆಲ್ಲಾಳ ಕಾಲಿನ ಹರಡು ದಪ್ಪ. ಆ ದೇಹದ ಕಾಲಿನ ಮಾಂಸ ಕೆರೆದು ತೆಗೆದಿತ್ತು. ಗುರುತು ಅಳಿಸಲು ಹೋಗಿ, ಇಲ್ಲೊಂದು ಗುರುತಿತ್ತು ಅಂತ ಅವನೇ ಬೆರಳಿಟ್ಟು ತೋರಿಸಿದ್ದ.

ಇಷ್ಟೆಲ್ಲ ಸೇರಿ ಮ್ಯಾಂಚೆಸ್ಟರಿನ ಕೋರ್ಟಿನಲ್ಲಿ 1936ರ ಮಾರ್ಚಿನಲ್ಲಿ ತೀರ್ಪು ಬಂತು. ಮೇ 12ರಂದು ರಕ್ಸ್‌ಟನ್ನನ್ನು ಗಲ್ಲಿಗೇರಿಸಿದರು. ಆಮೇಲೆ ಅವನ ತಪ್ಪೊಪ್ಪಿಗೆಯೂ ಪೇಪರಿನಲ್ಲಿ ಅಚ್ಚಾಯಿತು.

ಬುರುಡೆ ಮತ್ತು ಫೋಟೊ ಹೊಂದಿಸುವ ಪದ್ಧತಿ ಆಮೇಲೆ ಬೆಳೆಯಿತು. 1985ರಲ್ಲಿ ಬ್ರೆಜಿಲ್‌ನಲ್ಲಿ ಬೇರೆ ಹೆಸರಿನಲ್ಲಿ ಹೂತಿದ್ದ ದೇಹವೊಂದನ್ನು ಅಗೆದು ತೆಗೆದರು. ನಾತ್ಸಿ ಶಿಬಿರದ ಕುಖ್ಯಾತ ಡಾಕ್ಟರ್ ಯೋಸೆಫ್ ಮೆಂಗೆಲೆಯದ್ದು ಅಂತ ಅನುಮಾನ. ಜರ್ಮನಿಯ ತಜ್ಞ ರಿಚರ್ಡ್ ಹೆಲ್ಮರ್ ಎರಡು ವಿಡಿಯೊ ಕ್ಯಾಮೆರಾ ಇಟ್ಟು, ಬುರುಡೆಯನ್ನೂ ಹಳೆ ಫೋಟೊಗಳನ್ನೂ ಒಂದೇ ಪರದೆಯಲ್ಲಿ ಕೂಡಿಸಿ, ಇದು ಅವನದ್ದೇ ಅಂದರು. 1992ರಲ್ಲಿ ಡಿಎನ್ಎ ಪರೀಕ್ಷೆಯೂ ಅದನ್ನೇ ಹೇಳಿತು. ನಮ್ಮ ದೇಶದಲ್ಲಿ 1963ರಲ್ಲೇ, ಪಶ್ಚಿಮ ಬಂಗಾಳದ ಒಂದು ಕೊಲೆ ಪ್ರಕರಣದಲ್ಲಿ, ಇಂಥ ಜೋಡಿ ಫೋಟೊವನ್ನು ಸಾಕ್ಷ್ಯವಾಗಿ ನೋಡಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಈಗ ಕೆಲಸವೆಲ್ಲ ಕಂಪ್ಯೂಟರಿನಲ್ಲಿ. ಡಿಎನ್ಎ ತೆಗೆಯಲಾಗದಷ್ಟು ಮೂಳೆ ಹಾಳಾಗಿದ್ದರೆ, ಹೋಲಿಸಿ ನೋಡಲು ರಕ್ತಸಂಬಂಧಿಗಳೇ ಸಿಗದಿದ್ದರೆ, ಇವತ್ತಿಗೂ ಇದು ಬೇಕಾಗುತ್ತೆ.

ಆದರೆ ಇದಕ್ಕೊಂದು ಮಿತಿ ಇದೆ, ಅದನ್ನು ಹೇಳದೆ ಹೋದರೆ ನಾನೂ ಓಟಿಟಿ ಸೀರಿಯಲ್ಲಿನ ಥರ ಸುಳ್ಳು ಹೇಳಿದ ಹಾಗೆ. ಬುರುಡೆ ಫೋಟೊಗೆ ಹೊಂದಲಿಲ್ಲ ಅಂದರೆ ಅದು ಇವರದ್ದಲ್ಲ ಅಂತ ಗಟ್ಟಿಯಾಗಿ ಹೇಳಬಹುದು. ಹೊಂದಿತು ಅಂದರೆ ಇವರದ್ದು ಇರಬಹುದು ಅಂತಷ್ಟೇ. ಅದೇ ಅಳತೆಯ ಇನ್ನೊಂದು ಮುಖ ಜಗತ್ತಿನಲ್ಲಿ ಇರಬಾರದು ಅಂತೇನಿಲ್ಲವಲ್ಲ. 1994ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಸಂಬಂಧವೇ ಇಲ್ಲದವರ ಫೋಟೊಗಳ ಮೇಲೆ ಬುರುಡೆ ಇಟ್ಟು ಪರೀಕ್ಷೆ ಮಾಡಿದರು. ಒಂದೇ ಕೋನದ ಫೋಟೊ ಇದ್ದಾಗ ಶೇ. 9ರ ಆಸುಪಾಸು ಸುಳ್ಳು ಹೊಂದಾಣಿಕೆ ಬಂತು. ನೇರ ಮತ್ತು ಪಕ್ಕದ ಎರಡೂ ಫೋಟೊ ಇದ್ದಾಗ ಅದು ಶೇ. 1ಕ್ಕಿಂತ ಕೆಳಗಿಳಿಯಿತು. ಇನ್ನೊಂದು ಮಾತೂ ಹೇಳಿದರು: ಫೋಟೊದಲ್ಲಿ ಮುಂದಿನ ಹಲ್ಲು ಸ್ಪಷ್ಟವಾಗಿ ಕಂಡರೆ, ಬುರುಡೆಯಲ್ಲೂ ಆ ಹಲ್ಲುಗಳು ಉಳಿದಿದ್ದರೆ, ಒಂದೇ ಫೋಟೊ ಆದರೂ ನಂಬಬಹುದು. ಯಾಕೆಂದರೆ ಮುಖದಲ್ಲಿ ಹೊರಗೇ ಕಾಣುವ ಬುರುಡೆಯ ಭಾಗ ಅಂದರೆ ಹಲ್ಲು ಮಾತ್ರ.

ಮೇರಿಯ ಪಾಲು

ಈ ಪ್ರಕರಣವನ್ನು ಓದಿದವರಿಗೆಲ್ಲ ನೆನಪಿರುವುದು ಕಿರೀಟದ ಹೆಂಗಸು. ಕೋರ್ಟಿನಲ್ಲಿ ವಿಚಾರಣೆ ನಡೆದದ್ದೂ ಇಸಾಬೆಲ್ಲಾಳ ಕೊಲೆಗೆ ಮಾತ್ರ. ರಕ್ಸ್‌ಟನ್ನನ್ನು ಮೊದಲು ಬಂಧಿಸಿದ್ದು ಮೇರಿಯ ಕೊಲೆ ಆರೋಪದಲ್ಲಿ. ಆದರೆ ಅವಳ ಹೆಸರಿನಲ್ಲಿ ಪ್ರತ್ಯೇಕ ವಿಚಾರಣೆ ನಡೆಯಲೇ ಇಲ್ಲ, ಪ್ರತ್ಯೇಕ ತೀರ್ಪೂ ಬರಲಿಲ್ಲ. ಅವಳು ಮಾಡಿದ ತಪ್ಪೇನು? ಆ ರಾತ್ರಿ ಆ ಮನೆಯಲ್ಲಿ ಇದ್ದಳು, ನೋಡಬಾರದ್ದನ್ನು ನೋಡಿದಳು, ಅಷ್ಟೇ.

ಸ್ವಲ್ಪ ಯೋಚನೆ ಮಾಡಿ. ಆ ಬುರುಡೆಗೆ ಹೆಸರು ಸಿಗದೆ ಹೋಗಿದ್ದರೆ ಏನಾಗುತ್ತಿತ್ತು? ಮನೆಕೆಲಸದ ಹುಡುಗಿ ಬಸುರಾಗಿ ಓಡಿಹೋದಳು ಅನ್ನುವ ಡಾಕ್ಟರ ಕಥೆಯೇ ಅವಳ ಕಥೆಯಾಗಿ ಉಳಿಯುತ್ತಿತ್ತು. ತೇಪೆ ಹೊಲಿದ ಆ ತಾಯಿ ಕೊನೆಯವರೆಗೂ ಬಾಗಿಲು ನೋಡುತ್ತಾ ಕೂರಬೇಕಿತ್ತು. ಇಲ್ಲವೇ ಊರವರ ಮಾತಿಗೆ ತಲೆ ತಗ್ಗಿಸಿ ಓಡಾಡಬೇಕಿತ್ತು. ಅವಳಿಗೆ ವಜ್ರದ ಆಭರಣದ ಫೋಟೊ ಇರಲಿಲ್ಲ. ಆದರೂ ಬ್ರ್ಯಾಶ್ ಅವಳ ಎರಡು ಫೋಟೊಗಳನ್ನೂ ಅಷ್ಟೇ ಶ್ರದ್ಧೆಯಿಂದ ಹಿಗ್ಗಿಸಿ, ಅಳೆದು, ಗೆರೆ ಎಳೆದರು. ಯಜಮಾನಿಗೆ ಒಂದು ಲೆಕ್ಕ, ಆಳಿಗೆ ಒಂದು ಲೆಕ್ಕ ಅಂತ ಮಾಡಲಿಲ್ಲ. ಓಡಿಹೋಗಿರಲಿಲ್ಲ ನಮ್ಮ ಹುಡುಗಿ ಅಂತ ಹೇಳಲು ಅವಳ ಮನೆಯವರಿಗೆ ಅಷ್ಟಾದರೂ ಸಿಕ್ಕಿತು.

ಸತ್ತವರಿಗೆ ಹೆಸರು ಬೇಕಿಲ್ಲದಿರಬಹುದು. ಕಾಯುತ್ತಾ ಕೂತವರಿಗೆ ಬೇಕು. ತಿಥಿ ಮಾಡಬೇಕೋ, ಬಾಗಿಲು ತೆರೆದಿಡಬೇಕೋ ಅಂತ ಗೊತ್ತಾಗಲಾದರೂ ಬೇಕು.

ಅಜ್ಜಿಯ ವೈಕುಂಠ ಮುಗಿದು ಬೆಂಗಳೂರಿಗೆ ಹೊರಡುವ ದಿನ ನಾನೊಂದು ಕೆಲಸ ಮಾಡಿದೆ. ಅಮ್ಮ, ಮಾವ, ಚಿಕ್ಕಮ್ಮ ಎಲ್ಲರನ್ನೂ ಜಗಲಿಯಲ್ಲಿ ಬೆಳಕಿಗೆ ಕೂರಿಸಿ, ನಾಲ್ಕು ಹೆಜ್ಜೆ ದೂರ ನಿಂತು, ಫಿಲ್ಟರ್ ಇಲ್ಲದೆ ಒಂದೊಂದು ಫೋಟೊ ತೆಗೆದೆ. ನೇರಕ್ಕೊಂದು, ಪಕ್ಕದಿಂದೊಂದು. ಹತ್ತಿರದ ಸೆಲ್ಫಿಯಲ್ಲಿ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿಯುತ್ತೆ, ಮುಖದ ಅಳತೆಯೇ ಬದಲಾಗುತ್ತೆ, ಅದಕ್ಕೆ ಈ ದೂರ. ಯಾಕೆ ಅಂತ ಅವರಿಗೆ ಹೇಳಲಿಲ್ಲ, ಹೇಳಿದ್ದರೆ ಚಿಕ್ಕಮ್ಮ "ಬಿಡ್ತು ಅನ್ನೇ!" ಅಂತ ಬೈಯುತ್ತಿದ್ದಳು. "ನಗಿ, ಹಲ್ಲು ಕಾಣಬೇಕು" ಅಂತ ಮಾತ್ರ ಅಂದೆ. ಅಂಥ ದಿನ ಯಾರಿಗೂ ಬಾರದಿರಲಿ. ಬಹುತೇಕ ಬರೋದೂ ಇಲ್ಲ. ನಾಳೆ ಮೊಮ್ಮಕ್ಕಳು ಹಾರ ಹಾಕಲು ಫೋಟೊ ಹುಡುಕುವಾಗ ಒದ್ದಾಡದಿದ್ದರೆ ಅಷ್ಟೇ ಸಾಕು.

ಅಜ್ಜಿಯ ಏಳು ಕಲ್ಲಿನ ಓಲೆ ಈಗ ಅಮ್ಮನ ಬೀರುವಿನಲ್ಲಿದೆ. ಗೋಡೆಯ ಮೇಲಿನ ಫೋಟೊದಲ್ಲೂ ಅದೇ ಓಲೆ. ಹಲ್ಲಿನ ಸಂದೂ ಹಾಗೇ ಇದೆ. ಸ್ಟುಡಿಯೊದವನು ಅದನ್ನು ಮುಚ್ಚಿಲ್ಲ.

ನಿಮ್ಮ ಮನೆಯ ಹಿರಿಯರದು ಇಂಥ ಒಂದು ಫೋಟೊ ನಿಮ್ಮ ಮೊಬೈಲಿನಲ್ಲಿದೆಯಾ? ಇಲ್ಲದಿದ್ದರೆ ಈ ಭಾನುವಾರ ಮನೆಗೆ ಹೋದಾಗ ತೆಗೆಯಿರಿ. ನಗಿಸಿ ತೆಗೆಯಿರಿ. ಮುಂದಿನ ವಾರ ಸಿಗೋಣ.